ಪ್ಲಾಸ್ಟಿಕ್ ಹುರಿ: ಕಟ್ಟುವ ಮೊದಲೇ ಬಿಚ್ಚುವ ಯೋಚನೆ ಮಾಡಿ



ಹಿಂದೆ ಕಟ್ಟುವ ಹುರಿಗಾಗಿ ರೈತನು ಅಂಗಡಿಗೆ ಹೋಗುವುದು ಅಪರೂಪವಾಗಿತ್ತು. ಬದುವಿನ ಕತ್ತಾಳೆ, ಹೊಲದಂಚಿನ ಪುಂಡಿ, ತೋಟದ ಬಾಳೆ ಮತ್ತು ತೆಂಗು ಅವನಿಗೆ ನಾರು ಒದಗಿಸುತ್ತಿದ್ದವು. ರಾಗಿಯ ಕಂತೆಗೆ ಹುಲ್ಲೇ ಹುರಿ; ಕಬ್ಬಿನ ಹೊರೆಗೆ ಅದರ ಸೋಗೆಯೇ ಹಗ್ಗ. ಇಂದು ಈ ಕೆಲಸಗಳಿಗೆಲ್ಲ ಪ್ಲಾಸ್ಟಿಕ್ ಹುರಿ ಬಂದಿದೆ. ಅದು ಹಗುರ, ನೀರಿನಲ್ಲಿ ಕೊಳೆಯದು, ಬೇಕೆಂದಾಗ ಸಿಗುತ್ತದೆ. ಆದರೆ ಕೊಳೆಯದಿರುವ ಈ ಗುಣವೇ ಕೆಲಸ ಮುಗಿದ ಮೇಲೆ ದೋಷವಾಗುತ್ತದೆ. ಆದ್ದರಿಂದ ಹುರಿಯನ್ನು ಆರಿಸುವಾಗ ಅದು ಎಷ್ಟು ಬಿಗಿ ಹಿಡಿಯುತ್ತದೆ ಎಂಬುದರ ಜೊತೆಗೆ, ಬಿಚ್ಚಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು.

ಹುರಿಯನ್ನು ಗುರುತಿಸುವುದು

ಪೇಟೆಯಲ್ಲಿ ಸಿಗುವ ಕಟ್ಟುವ ಹುರಿಗಳಲ್ಲಿ ಬಹುಪಾಲು ಪಾಲಿಪ್ರೊಪಿಲೀನ್‌ನಿಂದ ಮಾಡಿದವು. ಪಾಲಿಎಥಿಲೀನ್ ಮತ್ತು ನೈಲಾನ್ ಹುರಿಗಳೂ ಉಂಟು. ಪರೀಕ್ಷೆ ಸುಲಭ. ಬೆರಳುದ್ದದ ತುಂಡನ್ನು ನೀರಿನೊಳಗೆ ಹಿಸುಕಿ, ಗಾಳಿ ತೆಗೆದು ಬಿಡಿ. ನೈಲಾನ್ ಮುಳುಗುತ್ತದೆ; ಉಳಿದೆರಡು ಸಾಮಾನ್ಯವಾಗಿ ತೇಲುತ್ತವೆ. ನೈಲಾನ್ ಜಗ್ಗಿದರೆ ಹಿಗ್ಗಿ ಮತ್ತೆ ಕುಗ್ಗುವುದರಿಂದ ಗಾಡಿಯ ಕುಲುಕಾಟವನ್ನು ಚೆನ್ನಾಗಿ ತಡೆಯುತ್ತದೆ. ಬೆಲೆ ಮಾತ್ರ ಹೆಚ್ಚು. ಚೀಲದ ಬಾಯಿ, ಪೆಟ್ಟಿಗೆ ಮುಂತಾದುವನ್ನು ಕಟ್ಟಲು ಪಾಲಿಪ್ರೊಪಿಲೀನ್ ಸಾಕು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಹುರಿಯನ್ನು ತೂಕದಲ್ಲಿ ಮಾರುತ್ತಾರೆ, ನಾವು ಬಳಸುವುದು ಉದ್ದವನ್ನು. ಕಿಲೋಗೆ ಎಷ್ಟು ಮೀಟರ್ ಎಂದು ಕೇಳಿ ಕೊಳ್ಳಿ. ಒಂದು ಕಟ್ಟಿಗೆ 2 ಮೀಟರ್ ಬೇಕೆಂದುಕೊಳ್ಳಿ. ಕಿಲೋಗೆ 1,000 ಮೀಟರ್ ಬರುವ ಹುರಿಯಲ್ಲಿ 500 ಕಟ್ಟು, 600 ಮೀಟರ್ ಬರುವುದರಲ್ಲಿ 300 ಕಟ್ಟು ಆಗುತ್ತವೆ. ಎರಡನೆಯದರ ಬೆಲೆ ಕಾಲು ಭಾಗ ಕಡಿಮೆಯಿದ್ದರೂ ಪ್ರತಿ ಕಟ್ಟಿಗೆ ಬೀಳುವ ಖರ್ಚು ಅದರಲ್ಲೇ ಹೆಚ್ಚು. ದಪ್ಪ ಹುರಿ ಬೇಕಾದ ಕೆಲಸವಲ್ಲದಿದ್ದರೆ ಅದು ನಷ್ಟವೇ.

2. ಹುರಿ ತಯಾರಿಸುವಾಗ ಸುಣ್ಣಕಲ್ಲಿನ ನಯವಾದ ಪುಡಿಯನ್ನು ಬೆರೆಸುವುದುಂಟು. ಅದು ಮಿತಿಮೀರಿದರೆ ತೂಕ ಏರುತ್ತದೆ, ಬಲ ಇಳಿಯುತ್ತದೆ. ಉಂಡೆಯ ನಡುವಿನ ರಟ್ಟಿನ ಕೊಳವೆಯ ತೂಕವನ್ನೂ ಕಳೆದು ಲೆಕ್ಕ ಹಾಕಿ.

3. ಬಿಸಿಲು ಪ್ಲಾಸ್ಟಿಕ್ಕಿನ ಶತ್ರು. ಬಿಸಿಲು ತಡೆಯುವ ವಸ್ತು ಬೆರೆಸದ ಹುರಿ ಕೆಲವೇ ತಿಂಗಳಲ್ಲಿ ಪುಡಿಯಾಗಿ ಉದುರುತ್ತದೆ. ಟೊಮ್ಯಾಟೊ ಆಸರೆಯಂತೆ ಬಯಲಿನಲ್ಲಿ ಉಳಿಯುವ ಕೆಲಸಕ್ಕೆ ಬಿಸಿಲು ತಡೆಯುವ ಹುರಿಯನ್ನೇ ಕೇಳಿ ತನ್ನಿ. ಉಳಿದ ಉಂಡೆಯನ್ನು ನೆರಳಿನಲ್ಲಿಡಿ. ಹಳೆಯ ಹುರಿಯನ್ನು ಮೊಳದುದ್ದ ಜಗ್ಗಿ ನೋಡದೆ ಬಳಸಬೇಡಿ.

ಕಟ್ಟುವ ಕ್ರಮ

ಗಂಟು ಬಿದ್ದ ಕಡೆ ಹುರಿಯ ಬಲ ಸುಮಾರು ಅರ್ಧಕ್ಕೆ ಇಳಿಯಬಹುದು. ಆದ್ದರಿಂದ ಒಂದೇ ಎಳೆಯನ್ನು ಬಲವಾಗಿ ಬಿಗಿಯುವುದಕ್ಕಿಂತ ಎರಡು ಸುತ್ತು ಸುತ್ತಿ ಹದವಾಗಿ ಬಿಗಿಯುವುದು ಲೇಸು. ಪ್ಲಾಸ್ಟಿಕ್ ನುಣುಪಾದುದರಿಂದ ಗಂಟು ಜಾರುತ್ತದೆ; ಜೋಡಿ ಗಂಟು ಹಾಕಿ ತುದಿಯನ್ನು ನಾಲ್ಕು ಬೆರಳಿನಷ್ಟು ಬಿಡಿ. ಸೊಪ್ಪು, ತರಕಾರಿಗಳಿಗೆ ತೆಳು ಹುರಿ ಕತ್ತಿಯಂತೆ ಇಳಿಯುತ್ತದೆ. ಅವಕ್ಕೆ ಅಗಲವಾದ ಪಟ್ಟಿ ಹುರಿ ಅಥವಾ ಬಾಳೆಯ ನಾರು ಸೂಕ್ತ.

ಪ್ಲಾಸ್ಟಿಕ್ ಹುರಿ ಬೇಡವಾದ ಕಡೆಗಳು

ಮೇವು: ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ, ನಾಲಿಗೆಯಿಂದ ಸುತ್ತಿ ಎಳೆದು ನುಂಗುತ್ತದೆ. ಹುಲ್ಲಿನೊಡನೆ ಹೋದ ಹುರಿ ಮೆಲುಕು ಹಾಕುವ ದೊಡ್ಡ ಹೊಟ್ಟೆಯಲ್ಲಿ ಕರಗದೆ, ಮುಂದೆ ಸಾಗದೆ ಗೋಜಲಾಗಿ ಬೆಳೆಯುತ್ತದೆ. ಪಶುವೈದ್ಯ ಮಿತ್ರರೊಬ್ಬರು ಒಮ್ಮೆ ಕರೆಯುವ ಹಸುವಿನ ಹೊಟ್ಟೆ ಸೀಳಿ ಇಂಥ ಗೋಜಲನ್ನು ತೆಗೆಯುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಹಸಿರು, ನೀಲಿ, ಬಿಳಿ ಎಳೆಗಳು ಒಂದಕ್ಕೊಂದು ಹೆಣೆದು ಹಗ್ಗದ ಉಂಡೆಯೇ ಆಗಿತ್ತು. ಮನೆಯವರು ಅದನ್ನು ನೋಡಿ, "ಇದೆಲ್ಲ ನಾವೇ ಹಾಕಿದ್ದಲ್ಲವೇ ಸ್ವಾಮಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮೇವು ಬಿಡುವುದು, ಮೆಲುಕು ನಿಲ್ಲುವುದು, ಪದೇ ಪದೇ ಹೊಟ್ಟೆ ಉಬ್ಬುವುದು, ಹಸು ಬಡಕಲಾಗುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮೇವನ್ನು ಹುಲ್ಲಿನ ಹುರಿ, ಸೆಣಬು ಅಥವಾ ಕತ್ತಾಳೆ ನಾರಿನಿಂದ ಕಟ್ಟುವುದು ಕ್ಷೇಮ. ಕೊಂಡು ತಂದ ಹುಲ್ಲಿಗೆ ಪ್ಲಾಸ್ಟಿಕ್ ಹುರಿಯಿದ್ದರೆ ಮೇವು ಕತ್ತರಿಸುವ ಯಂತ್ರಕ್ಕೆ ಕೊಡುವ ಮೊದಲೇ ತೆಗೆಯಿರಿ. ಯಂತ್ರದಲ್ಲಿ ತುಂಡಾದ ಮೇಲೆ ಆಯ್ದು ತೆಗೆಯುವುದು ಆಗದ ಮಾತು.

ಹತ್ತಿ: ಹತ್ತಿ ಬಿಡಿಸುವ ಚೀಲ, ಅದರ ಬಾಯಿ ಕಟ್ಟುವ ಹುರಿ ಎರಡೂ ಹತ್ತಿಯ ಬಟ್ಟೆಯದೇ ಆಗಿರಲಿ. ಪ್ಲಾಸ್ಟಿಕ್ ಎಳೆ ಸೇರಿದರೆ ಜಿನ್ನಿಂಗ್ ಯಂತ್ರದಲ್ಲಿ ಸೀಳಿ ಅರಳೆಯಲ್ಲಿ ಬೆರೆತುಹೋಗುತ್ತದೆ. ಪಾಲಿಪ್ರೊಪಿಲೀನ್ ಹತ್ತಿಯ ಬಣ್ಣ ಹೀರದು; ಬಟ್ಟೆಗೆ ಬಣ್ಣ ಹಾಕಿದಾಗ ಅದು ಕಲೆಯಾಗಿ ಎದ್ದು ಕಾಣುತ್ತದೆ. ಕೇಂದ್ರ ಸರ್ಕಾರ 2000ದಲ್ಲಿ ಆರಂಭಿಸಿದ ಹತ್ತಿ ತಾಂತ್ರಿಕ ಮಿಷನ್, ಹತ್ತಿಯಲ್ಲಿ ಕಸ ಬೆರೆಯದಂತೆ ಮಾರುಕಟ್ಟೆ ಪ್ರಾಂಗಣಗಳನ್ನೂ ಜಿನ್ನಿಂಗ್ ಕಾರ್ಖಾನೆಗಳನ್ನೂ ಸುಧಾರಿಸಲು ಕೈಹಾಕಿತು. ಆದರೆ ಹೊಲದಲ್ಲೇ ಎಳೆ ಬೆರೆತರೆ ಮುಂದಿನವರು ಅದನ್ನು ಪೂರ್ತಿಯಾಗಿ ಆರಿಸಿ ತೆಗೆಯಲಾರರು.

ಬೆಳೆಯುವ ಗಿಡ: ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಮೂಲಕ ಬೇರಿಗೆ ಇಳಿಯುತ್ತದೆ. ಕಾಂಡ ದಪ್ಪವಾದಂತೆ ಹಿಗ್ಗದ ಹುರಿ ತೊಗಟೆಯೊಳಗೆ ಇಳಿದು ಈ ದಾರಿಯನ್ನು ಕಟ್ಟಿಬಿಡುತ್ತದೆ. ಮೆಣಸಿನ ಬಳ್ಳಿ, ಹಣ್ಣಿನ ಸಸಿಗಳಿಗೆ ಬಾಳೆಯ ನಾರನ್ನು ಸಡಿಲವಾಗಿ ಕಟ್ಟಿ. ಬಳ್ಳಿ ಅಂಟಿಕೊಳ್ಳುವ ಹೊತ್ತಿಗೆ ನಾರು ತಾನೇ ಕೊಳೆತು ಬೀಳುತ್ತದೆ.

ಬಿಚ್ಚುವ ಕ್ರಮ

ಗಂಟಿನ ಪಕ್ಕದಲ್ಲಿ ಒಂದೇ ಕಡೆ ಕತ್ತರಿಸಿ, ಇಡೀ ಹುರಿಯನ್ನು ಗಂಟಿನ ಸಮೇತ ಎಳೆದುಕೊಳ್ಳಿ. ಎರಡು ಮೂರು ಕಡೆ ಕತ್ತರಿಸಿದರೆ ತುಂಡುಗಳು ಹುಲ್ಲಿನಲ್ಲೇ ಉಳಿಯುತ್ತವೆ. ಕೊಟ್ಟಿಗೆಯ ಕಂಬಕ್ಕೆ, ದನದ ಬಾಯಿಗೆ ಎಟುಕದ ಎತ್ತರದಲ್ಲಿ ಒಂದು ಮೊಳೆ ಹೊಡೆಯಿರಿ. ಇಪ್ಪತ್ತು ಕಟ್ಟು ಬಿಚ್ಚಿದರೆ ಮೊಳೆಯ ಮೇಲೆ ಇಪ್ಪತ್ತು ಹುರಿ ಇರಬೇಕು. ಹತ್ತೊಂಬತ್ತಿದ್ದರೆ ಗೋದಲೆಯಲ್ಲಿ ಹುಡುಕಿ. ಗಟ್ಟಿಯಿರುವ ಹುರಿಯನ್ನು ಮತ್ತೆ ಬಳಸಿ. ಉಳಿದುದನ್ನು ಚೀಲದಲ್ಲಿ ತುಂಬಿ ಹಳೆಯ ಪ್ಲಾಸ್ಟಿಕ್ ಕೊಳ್ಳುವವರಿಗೆ ಕೊಡಿ. ಸುಡುವುದೂ ತಿಪ್ಪೆಗೆ ಎಸೆಯುವುದೂ ಸಲ್ಲದು. ತಿಪ್ಪೆಗೆ ಹೋದದ್ದು ಗೊಬ್ಬರದೊಡನೆ ಹೊಲಕ್ಕೆ ಬಂದು ಕುಂಟೆ, ನೇಗಿಲಿಗೆ ಸುತ್ತಿಕೊಳ್ಳುತ್ತದೆ.

ಮನೆಯಲ್ಲಿ ಮೇವು ಹಾಕುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಈ ಲೇಖನವನ್ನು ಅವರಿಗೂ ಓದಿ ಹೇಳಿ, ಆ ಮೊಳೆಯನ್ನು ಇಂದೇ ಹೊಡೆಯಿರಿ.