ಹತ್ತು ವರ್ಷದ ನಕ್ಷೆ, ಅರವತ್ತು ದಿನದ ಅವಕಾಶ

ಊರಿನ ಯಾವ ನೆಲದಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಉದ್ಯಾನ ಎಂದು ಗೊತ್ತುಮಾಡುವ ಕಾನೂನುಬದ್ಧ ದಾಖಲೆಯೇ ಮಾಸ್ಟರ್ ಪ್ಲಾನ್. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಅದನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು ಜನರಿಗೆ ಸಿಗುವುದು 60 ದಿನ.

ಬೆಂಗಳೂರಿನಲ್ಲಿ 2007ರಲ್ಲಿ ಜಾರಿಗೆ ಬಂದ ಯೋಜನೆಯ ಗುರಿ ವರ್ಷ 2015ಕ್ಕೇ ಮುಗಿಯಿತು. ಮುಂದಿನದರ ಕರಡನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2017ರ ನವೆಂಬರಿನಲ್ಲಿ ಹೊರತಂದಿತು. 2031ಕ್ಕೆ ನಗರದ ಜನಸಂಖ್ಯೆ ಎರಡು ಕೋಟಿ ದಾಟುತ್ತದೆಂಬ ಅಂದಾಜಿನ ಮೇಲೆ ಅದು ನಿಂತಿತ್ತು. ಬಡಾವಣೆಗಳ ನಿವಾಸಿ ಸಂಘಗಳು ತಮ್ಮ ಸರ್ವೆ ನಂಬರು ಯಾವ ಬಳಕೆಯ ಬಣ್ಣದಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕಿದವು. ಸಾವಿರಾರು ಆಕ್ಷೇಪಣೆಗಳು ಬಂದವು.

ವಾಸದ ಬೀದಿಗೆ ವ್ಯಾಪಾರ ನುಗ್ಗುವುದು ಬಹುಕಾಲದ ದೂರು. ಇಂದಿರಾನಗರ, ಕೋರಮಂಗಲದ ಜನ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಮೂವತ್ತು ಅಡಿ ರಸ್ತೆಯಲ್ಲಿ 30×40ರ ಸೈಟಿನ ಮನೆಯೊಂದು ಹೋಟೆಲ್ ಆಯಿತೆನ್ನಿ. ನಾಲ್ಕೈದು ಜನರ ಸಂಸಾರಕ್ಕೆಂದು ಹಾಕಿದ ಒಳಚರಂಡಿ ಕೊಳವೆಗೆ ದಿನವಿಡೀ ಪಾತ್ರೆ ತೊಳೆದ ಎಣ್ಣೆನೀರು ಸೇರುತ್ತದೆ. ಗಿರಾಕಿಗಳ ಬೈಕು ಪಕ್ಕದ ಮನೆಯ ಗೇಟಿಗೆ ಅಡ್ಡ ನಿಲ್ಲುತ್ತದೆ, ಅಡುಗೆಮನೆಯ ಹೊಗೆ ಹಿಂದಿನವರ ಕಿಟಕಿಗೆ ಹೊಡೆಯುತ್ತದೆ. ಹಾಲಿನ ಅಂಗಡಿ, ಔಷಧಿ ಅಂಗಡಿ ಹತ್ತಿರದಲ್ಲೇ ಇರಲಿ ಎಂದು ಬಯಸುವವರೂ ಈ ನಿವಾಸಿಗಳೇ. ವ್ಯಾಪಾರವೇ ಬೇಡವೆಂಬ ಹಟ ಅವರದಲ್ಲ. ರಸ್ತೆಯ ಅಗಲ, ನೀರು, ಚರಂಡಿಗಳ ಸಾಮರ್ಥ್ಯ ನೋಡಿ ಅನುಮತಿ ಕೊಡಿ ಎನ್ನುವುದು ನ್ಯಾಯವಾದ ಬೇಡಿಕೆ.

ಇದಕ್ಕಿಂತ ತೀವ್ರವಾದದ್ದು ಕೆರೆ ಮತ್ತು ರಾಜಕಾಲುವೆಯ ಪ್ರಶ್ನೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್, ಕಾಲುವೆಯ ದರ್ಜೆ ನೋಡಿ 50, 35, 25 ಮೀಟರ್ ಜಾಗ ಬಿಡಬೇಕೆಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿದ್ದರಿಂದ ಕೆರೆಗೆ 30, ಕಾಲುವೆಗಳಿಗೆ 50, 25, 15 ಮೀಟರ್ ಎಂಬ ಹಳೆಯ ಅಳತೆಯೇ ಉಳಿಯಿತು. ಹಳೆಯ ಗ್ರಾಮ ನಕ್ಷೆಯಲ್ಲಿ ಗೆರೆಯಾಗಿ ಕಾಣುವ ಸಣ್ಣ ಕಾಲುವೆ ಹೊಸ ನಕ್ಷೆಯಲ್ಲಿ ಬಿಟ್ಟುಹೋದರೆ ಅದರ ಮೇಲೆ ಕಟ್ಟಡ ಏಳುತ್ತದೆ, ಮಳೆನೀರು ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಅದೇ ಗೆರೆ ತಡವಾಗಿ ಕಾಣಿಸಿಕೊಂಡರೆ, ದಾಖಲೆ ನೋಡಿಯೇ ಸೈಟು ಕೊಂಡವರಿಗೆ ಮನೆ ಕಟ್ಟಲು ನಕ್ಷೆ ಮಂಜೂರಾಗುವುದಿಲ್ಲ. ಎರಡೂ ಕಡೆ ನಷ್ಟ ಸಾಮಾನ್ಯ ಕುಟುಂಬದ್ದು.

ಯೋಜನೆ ಮಾಡುವ ಅಧಿಕಾರ ಯಾರದು ಎಂಬ ತಕರಾರೂ ಇದೆ. ಸಂವಿಧಾನದ 243ಝಡ್‌ಇ ವಿಧಿಯಂತೆ ಮಹಾನಗರ ಪ್ರದೇಶದ ಅಭಿವೃದ್ಧಿ ಯೋಜನೆಯ ಕರಡನ್ನು ಸಿದ್ಧಪಡಿಸಬೇಕಾದದ್ದು ಮಹಾನಗರ ಯೋಜನಾ ಸಮಿತಿ. ಅದರ ಸದಸ್ಯರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಮಂದಿ ಸ್ಥಳೀಯ ಸಂಸ್ಥೆಗಳ ಚುನಾಯಿತರಿಂದ ಆಯ್ಕೆಯಾದವರಿರಬೇಕು. ಆದರೆ ಬೆಂಗಳೂರಿನ ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು, ವಾರ್ಡಿನ ದೂರನ್ನು ಸಭೆಯಲ್ಲಿ ಎತ್ತುವ ಕಾರ್ಪೊರೇಟರ್ ಇಲ್ಲವಾದರು.

2031ರ ಕರಡನ್ನು 2020ರಲ್ಲಿ ಸರ್ಕಾರ ಹಿಂಪಡೆಯಿತು. ಜನ ಕೊಟ್ಟ ಆಕ್ಷೇಪಣೆಗಳ ಶ್ರಮವೂ ಅದರೊಂದಿಗೇ ಹೋಯಿತು. ಹೊಸ ಯೋಜನೆ ಬರುವತನಕ 2007ರ ನಕ್ಷೆಯೇ ಆಧಾರ. ನಡುವೆ ಕಾಯ್ದೆಯ 14-ಎ ಕಲಮಿನಡಿ ಒಂದೊಂದೇ ಜಮೀನಿನ ಬಳಕೆ ಬದಲಾಗುತ್ತ ಹೋಗುತ್ತದೆ. ಅಂಥ ಬದಲಾವಣೆಗೂ ಪತ್ರಿಕಾ ಪ್ರಕಟಣೆ ಹೊರಡುತ್ತದೆ, ಆಕ್ಷೇಪಣೆಗೆ ಅವಕಾಶವಿರುತ್ತದೆ. ಸರ್ವೆ ನಂಬರು, ಸಂಬಂಧಿಸಿದ ನಿಯಮ, ಆಗುವ ತೊಂದರೆ ಮೂರನ್ನೂ ಬರೆದು ಕೊಟ್ಟು, ಸ್ವೀಕೃತಿ ಪಡೆದ ಪ್ರತಿಯನ್ನು ಇಟ್ಟುಕೊಂಡ ಸಂಘಗಳಿಗೆ ಮುಂದೆ ನ್ಯಾಯಾಲಯದ ಮೆಟ್ಟಿಲೇರಬೇಕಾಗಿ ಬಂದರೆ ಅದೇ ಪುರಾವೆ.