ಲೆಕ್ಕದ ತಂತ್ರಾಂಶದಿಂದ ಬಂದ ಪಟ್ಟಿಯನ್ನು ಲಿಬ್ರೆಆಫೀಸ್‌ನಲ್ಲಿ ತೆರೆಯುವಾಗ ವಹಿಸಬೇಕಾದ ಎಚ್ಚರ

ಗ್ರಾಮ ಪಂಚಾಯಿತಿಯ ಲೆಕ್ಕಪತ್ರಗಳು ಪಂಚತಂತ್ರ ತಂತ್ರಾಂಶದಲ್ಲಿ ನಿರ್ವಹಣೆಯಾಗುತ್ತವೆ. ಆದರೆ ಪಂಚಾಯಿತಿಯೊಡನೆ ವ್ಯವಹರಿಸುವ ಒಕ್ಕೂಟಗಳು, ಗುತ್ತಿಗೆದಾರರು ಹಾಗೂ ಸರಬರಾಜುದಾರರಲ್ಲಿ ಹಲವರು ತಮ್ಮ ಲೆಕ್ಕವನ್ನು ಟ್ಯಾಲಿಯಂತಹ ವಾಣಿಜ್ಯ ತಂತ್ರಾಂಶದಲ್ಲಿ ಇಡುತ್ತಾರೆ. ಅಲ್ಲಿಂದ ಬರುವ ಪಟ್ಟಿಗಳನ್ನು ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲಿ ತೆರೆಯುವ ಕಚೇರಿಗಳಿಗೆ ಈ ಲೇಖನ ಉಪಯುಕ್ತವಾಗಬಹುದು.

ಮೊದಲು ನನ್ನ ಕಚೇರಿಯಲ್ಲಿಯೇ ನಡೆದ ಒಂದು ಲೋಪವನ್ನು ಹೇಳುತ್ತೇನೆ. ಕಸ ಸಂಗ್ರಹಣಾ ವಾಹನದಲ್ಲಿ ದುಡಿಯುವ ಮಹಿಳೆಯರ ಗೌರವಧನದ ಪಟ್ಟಿಯನ್ನು ಒಕ್ಕೂಟದವರು ಸಿಎಸ್‌ವಿ ಕಡತವಾಗಿ ತಂದಿದ್ದರು. ಪರಿಶೀಲನೆಗೆಂದು ಅದನ್ನು ತೆರೆದಾಗ ಬಂದ ಕಿಟಕಿಯನ್ನು ಓದದೆ ‘ಓಕೆ’ ಒತ್ತಿ, ಕಡತವನ್ನು ಉಳಿಸಿ ಹಿಂದಿರುಗಿಸಿದೆವು. ಅದೇ ಕಡತ ಬ್ಯಾಂಕಿಗೆ ಹೋಯಿತು. ಇಬ್ಬರು ಮಹಿಳೆಯರ ಖಾತೆ ಸಂಖ್ಯೆಯ ಆರಂಭದಲ್ಲಿದ್ದ ಸೊನ್ನೆಗಳು ಅಳಿಸಿಹೋಗಿದ್ದವು; ಅವರ ಹಣ ಜಮೆಯಾಗದೆ ಮರಳಿತು. ಒಕ್ಕೂಟದ ಲೆಕ್ಕ ಸರಿಯಾಗಿತ್ತು, ತಂತ್ರಾಂಶವೂ ಸರಿಯಾಗಿತ್ತು. ತಪ್ಪು ನಮ್ಮ ಅವಸರದ್ದಾಗಿತ್ತು. ಕಡತ ತೆರೆದುಕೊಂಡಿತೆಂದ ಮಾತ್ರಕ್ಕೆ ಲೆಕ್ಕ ಹಾಗೆಯೇ ಬಂದಿದೆಯೆಂದು ಭಾವಿಸಬಾರದೆಂಬುದು ಅಂದು ಮನವರಿಕೆಯಾಯಿತು.

ಇದಕ್ಕೆ ಕಾರಣವನ್ನು ತಿಳಿಯುವುದು ಅಗತ್ಯ. ಟ್ಯಾಲಿಯಿಂದ ವರದಿಯನ್ನು ಪಿಡಿಎಫ್, ಎಕ್ಸೆಲ್, ಸಿಎಸ್‌ವಿ ಮುಂತಾದ ರೂಪಗಳಲ್ಲಿ ಪಡೆಯಬಹುದು. ಪಿಡಿಎಫ್ ಓದಲು ಹಾಗೂ ದಾಖಲೆಗಾಗಿ ಇರುವ ರೂಪ. ಎಕ್ಸೆಲ್ ಕಡತದಲ್ಲಿ ಅಂಕಿಯ ಜೊತೆಗೆ ಅದರ ಸ್ವರೂಪವೂ, ಸೂತ್ರಗಳೂ ಅಡಕವಾಗಿರುತ್ತವೆ. ಲಿಬ್ರೆಆಫೀಸ್‌ನ ಸ್ವಂತ ರೂಪವಾದ ಒಡಿಎಫ್ 2006ರಲ್ಲಿಯೂ, ಎಕ್ಸೆಲ್‌ನ ಈಗಿನ ರೂಪ 2008ರಲ್ಲಿಯೂ ಅಂತಾರಾಷ್ಟ್ರೀಯ ಮಾನಕಗಳಾದವು. ಆದ್ದರಿಂದ ಸರಳ ಪಟ್ಟಿಗಳು ಒಂದರಿಂದ ಇನ್ನೊಂದಕ್ಕೆ ಹೆಚ್ಚು ತೊಡಕಿಲ್ಲದೆ ಹೋಗುತ್ತವೆ. ಸಿಎಸ್‌ವಿ ಎಂಬುದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಅಕ್ಷರಸಾಲು. ಯಾವುದು ಮೊತ್ತ, ಯಾವುದು ದಿನಾಂಕ, ಯಾವುದು ಖಾತೆ ಸಂಖ್ಯೆ ಎಂಬ ಮಾಹಿತಿ ಅದರಲ್ಲಿ ಇರುವುದಿಲ್ಲ. ಅದನ್ನು ತೆರೆಯುವವರೇ ನಿರ್ಧರಿಸಬೇಕು.

ಪಟ್ಟಿ ತೆರೆಯುವಾಗ ಗಮನಿಸಬೇಕಾದ ಅಂಶಗಳು ಹೀಗಿವೆ:

1. ಖಾತೆ ಸಂಖ್ಯೆ: ಸಿಎಸ್‌ವಿ ತೆರೆದಾಗ ಬರುವ ಕಿಟಕಿಯ ಕೆಳಭಾಗದಲ್ಲಿ ಪಟ್ಟಿಯ ಮಾದರಿ ಕಾಣುತ್ತದೆ. ಖಾತೆ ಸಂಖ್ಯೆಯ ಕಾಲಂ ಆಯ್ದು, ಅದರ ವಿಧವನ್ನು ‘ಟೆಕ್ಸ್ಟ್’ ಎಂದು ಸೂಚಿಸಬೇಕು. ಇಲ್ಲವಾದರೆ ಆರಂಭದ ಸೊನ್ನೆಗಳು ಹೋಗುತ್ತವೆ. ಸಂಖ್ಯೆ 15 ಅಂಕಿಗಳನ್ನು ಮೀರಿದ್ದರೆ ಕೊನೆಯ ಅಂಕಿಗಳೂ ಬದಲಾಗಬಹುದು. ಕಡತವನ್ನು ಮತ್ತೆ ತೆರೆದಾಗಲೆಲ್ಲ ಇದನ್ನು ಪುನಃ ಸೂಚಿಸಬೇಕು.

2. ದಿನಾಂಕ: 05/04 ಎಂಬುದು ನಮಗೆ ಏಪ್ರಿಲ್ 5, ಅಮೆರಿಕದ ಕ್ರಮದಲ್ಲಿ ಮೇ 4. ದಿನಾಂಕದ ಕಾಲಂಗೆ ದಿನ, ತಿಂಗಳು, ವರ್ಷ ಎಂಬ ಕ್ರಮವನ್ನು ಸೂಚಿಸುವ ‘ಡಿಎಂವೈ’ ಆಯ್ಕೆ ಮಾಡಬೇಕು. ಆರ್ಥಿಕ ವರ್ಷದ ಕೊನೆಯ ಮತ್ತು ಮೊದಲ ತಿಂಗಳ ಪಾವತಿಗಳಲ್ಲಿ ಈ ತಪ್ಪಾದರೆ ವೆಚ್ಚವೇ ಬೇರೆ ವರ್ಷಕ್ಕೆ ಸೇರಿದಂತೆ ಕಾಣುತ್ತದೆ.

3. ಮೊತ್ತ: ಅಲ್ಪವಿರಾಮ ಅಥವಾ ರೂಪಾಯಿ ಚಿಹ್ನೆಯಿರುವ ಮೊತ್ತ ಕೆಲವೊಮ್ಮೆ ಪಠ್ಯವಾಗಿ ಉಳಿಯುತ್ತದೆ. ಕಣ್ಣಿಗೆ ಸಂಖ್ಯೆಯಂತೆಯೇ ಕಂಡರೂ ‘ಸಮ್’ ಸೂತ್ರ ಅದನ್ನು ಕೂಡುವುದಿಲ್ಲ. ದೋಷವಿದೆಯೆಂಬ ಸೂಚನೆಯೂ ಬರುವುದಿಲ್ಲ. ಕ್ಯಾಲ್ಕ್‌ನಲ್ಲಿ ಕಂಟ್ರೋಲ್ ಮತ್ತು ಎಫ್8 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಂಖ್ಯೆಗಳು ನೀಲಿಯಾಗಿ, ಪಠ್ಯ ಕಪ್ಪಾಗಿ, ಸೂತ್ರಗಳು ಹಸಿರಾಗಿ ಕಾಣುತ್ತವೆ. ಮೊತ್ತದ ಕಾಲಂನಲ್ಲಿ ಕಪ್ಪು ಅಕ್ಷರ ಕಂಡರೆ ಅದನ್ನು ಸರಿಪಡಿಸಬೇಕು. ಖಾತೆ ಸಂಖ್ಯೆಯ ಕಾಲಂನಲ್ಲಿ ನೀಲಿ ಕಂಡರೆ ಮೂಲ ಕಡತವನ್ನು ಮತ್ತೆ ತೆರೆಯಬೇಕು.

4. ಡೆಬಿಟ್ ಮತ್ತು ಕ್ರೆಡಿಟ್: ಟ್ಯಾಲಿಯ ಕೆಲವು ಎಕ್ಸೆಲ್ ವರದಿಗಳಲ್ಲಿ ಡೆಬಿಟ್, ಕ್ರೆಡಿಟ್ ಎಂಬ ಗುರುತು ಕೋಶದ ಸ್ವರೂಪದಲ್ಲಷ್ಟೇ ಇರುತ್ತದೆ. ಅಂತಹ ಕಾಲಂ ಕೂಡಿದರೆ ಕೊಡಬೇಕಾದುದೂ ಬರಬೇಕಾದುದೂ ಒಂದೇ ಮೊತ್ತವಾಗಿಬಿಡುತ್ತವೆ. ಇದು ಎಕ್ಸೆಲ್‌ನಲ್ಲಿಯೂ ಆಗುವ ತೊಡಕು. ಎರಡನ್ನೂ ಪ್ರತ್ಯೇಕ ಕಾಲಂಗಳಲ್ಲಿ ನೀಡುವಂತೆ ಕೋರುವುದು ಉತ್ತಮ.

5. ಕನ್ನಡ ಹೆಸರುಗಳು: ಸಿಎಸ್‌ವಿ ಕಡತ ಅಕ್ಷರಶೈಲಿಯನ್ನು ಉಳಿಸಿಕೊಳ್ಳುವುದಿಲ್ಲ. ಹಳೆಯ ನುಡಿ ಆಸ್ಕಿ ವಿಧಾನದಲ್ಲಿ ಟೈಪಿಸಿದ ಹೆಸರುಗಳು ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತವೆ. ಅವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ, ತೆರೆಯುವಾಗ ‘ಯುಟಿಎಫ್-8’ ಆಯ್ಕೆ ಮಾಡಬೇಕು.

6. ಮ್ಯಾಕ್ರೊ: ಎಕ್ಸೆಲ್‌ಗಾಗಿ ಬರೆದ ಮ್ಯಾಕ್ರೊಗಳೆಲ್ಲವೂ ಲಿಬ್ರೆಆಫೀಸ್‌ನಲ್ಲಿ ನಡೆಯುವುದಿಲ್ಲ. ಮ್ಯಾಕ್ರೊ ಇರುವ ನಮೂನೆಯ ಬದಲು ಸರಳ ಪಟ್ಟಿಯನ್ನೇ ಕೇಳಬೇಕು.

ಇವೆಲ್ಲಕ್ಕೂ ಆಧಾರವಾಗಿ ಎರಡು ಅಭ್ಯಾಸಗಳನ್ನು ರೂಢಿಸಿಕೊಳ್ಳಬಹುದು. ಪಟ್ಟಿ ನೀಡುವವರಿಂದ ಅದೇ ವರದಿಯ ಪಿಡಿಎಫ್ ಪ್ರತಿಯನ್ನೂ ಪಡೆದು, ಒಟ್ಟು ಮೊತ್ತ ಹಾಗೂ ಸಾಲುಗಳ ಸಂಖ್ಯೆಯನ್ನು ತಾಳೆ ನೋಡಬೇಕು. ಕೆಲವು ಖಾತೆ ಸಂಖ್ಯೆಗಳನ್ನು ಅಂಕಿ ಅಂಕಿಯಾಗಿ ಹೋಲಿಸಬೇಕು. ಎರಡನೆಯದಾಗಿ, ಮೂಲ ಕಡತವನ್ನು ಮುಟ್ಟದೆ ಅದರ ನಕಲಿನಲ್ಲಿ ಮಾತ್ರ ಕೆಲಸ ಮಾಡಬೇಕು. ಪಾವತಿಗೆ ಮೂಲ ಕಡತವೇ ಹೋಗಬೇಕು.

ಉಚಿತ ತಂತ್ರಾಂಶದ ಬಳಕೆಯಿಂದ ಪರವಾನಗಿಯ ಹಣ ಉಳಿಯುತ್ತದೆ. ಅದನ್ನು ಕೈಬಿಡಲು ಇವು ಕಾರಣಗಳಲ್ಲ. ನಮ್ಮ ಕಚೇರಿಯಲ್ಲಿ ಇಂದಿಗೂ ಅದನ್ನೇ ಬಳಸುತ್ತಿದ್ದೇವೆ. ಈಗ ಪಟ್ಟಿಯೊಂದರ ತಾಳೆಗೆ ಕೆಲವು ನಿಮಿಷ ಹೆಚ್ಚು ಬೇಕಾಗುತ್ತದೆ, ಅಷ್ಟೆ. ಬೆಳಗಿನ ಜಾವದಿಂದ ದುಡಿದವರ ಗೌರವಧನ ಒಂದು ಸೊನ್ನೆಯ ಕಾರಣದಿಂದ ನಿಲ್ಲದಿರಲು ಆ ನಿಮಿಷಗಳನ್ನು ಮೀಸಲಿಡುವಂತೆ ಸಹೋದ್ಯೋಗಿಗಳಲ್ಲಿ ವಿನಂತಿಸುತ್ತೇನೆ.