ಗೋವಕ್ಕಿಯ ಹೆಸರು, ನಮ್ಮ ಹೊಣೆ

ಜಯಪ್ರಕಾಶ ನಗರದ ಸಾರಕ್ಕಿ ಕೆರೆಯ ಬಳಿಯಲ್ಲಾಗಲಿ, ಬಿ.ಟಿ.ಎಂ. ಬಡಾವಣೆಯ ಮಡಿವಾಳದ ಕೆರೆಯ ಬಳಿಯಲ್ಲಾಗಲಿ, ಮೇಯುವ ದನಗಳ ಹಿಂದೆಯೇ ನಡೆದು ಹುಳುಹುಪ್ಪಟೆಗಳನ್ನು ಹೆಕ್ಕುವ ಗೋವಕ್ಕಿಯನ್ನು ಕಾಣದ ವಾಚಕರು ವಿರಳ. ಲೋಕದ ಗೋವಕ್ಕಿಗಳೆಲ್ಲ ಒಂದೇ ಜಾತಿಯವೋ, ಎರಡೋ ಎಂದು ಕೇಳಿದರೆ ನಗುವವರೇ ಹೆಚ್ಚು. ಆದರೆ ಈ ಒಂದು ಪ್ರಶ್ನೆಯಲ್ಲಿ ಪಕ್ಷಿಶಾಸ್ತ್ರಜ್ಞರು ಬಹುಕಾಲ ಭಿನ್ನಮತದಲ್ಲಿದ್ದರು.

ಇದಕ್ಕೆ ಕಾರಣವುಂಟು. ಜಗತ್ತಿನ ಪಕ್ಷಿಸಂಕುಲಕ್ಕೆ ಸರ್ವಮಾನ್ಯವಾದ ಒಂದೇ ಪಟ್ಟಿ ಇರಲಿಲ್ಲ. 1974ರಲ್ಲಿ ಜೇಮ್ಸ್ ಕ್ಲೆಮೆಂಟ್ಸ್ ಎಂಬವರು ಪ್ರಕಟಿಸಿ, ಅನಂತರ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಸಂಸ್ಥೆಯು ನಡೆಸಿಕೊಂಡುಬಂದ ಪಟ್ಟಿ ಒಂದು. ಅಂತರರಾಷ್ಟ್ರೀಯ ಪಕ್ಷಿಶಾಸ್ತ್ರ ಮಂಡಲಿಯದು ಮತ್ತೊಂದು. ಪಕ್ಷಿಸಂರಕ್ಷಣೆಗಾಗಿ ದುಡಿಯುವ ಬರ್ಡ್‌ಲೈಫ್ ಸಂಸ್ಥೆಯದು ಮೂರನೆಯದು. ಮಂಡಲಿಯವರು ಗೋವಕ್ಕಿಯನ್ನು ಪಡುವಣದ್ದು, ಮೂಡಣದ್ದು ಎಂದು ಎರಡಾಗಿ ಎಣಿಸಿದರು. ಮರಿಮಾಡುವ ಕಾಲದಲ್ಲಿ ನಮ್ಮ ಮೂಡಣದ ಹಕ್ಕಿಯ ಕೆನ್ನೆಗೂ ಗಂಟಲಿಗೂ ಕಿತ್ತಳೆವರ್ಣವು ಹಬ್ಬುವುದು, ಪಡುವಣದ್ದಕ್ಕೆ ಹಾಗಾಗದು. ಕ್ಲೆಮೆಂಟ್ಸ್ ಪಟ್ಟಿಯು ಇದನ್ನು ತಡವಾಗಿ ಒಪ್ಪಿತು. ಬರ್ಡ್‌ಲೈಫಿನವರು ಒಂದೇ ಜಾತಿಯೆಂದು ಇಟ್ಟುಕೊಂಡರು.

ತಮ್ಮೊಳಗೆ ಕೂಡಿ ಸಂತತಿಯನ್ನು ಬೆಳೆಸದವು ಬೇರೆ ಜಾತಿ ಎಂಬುದು ಹಳೆಯ ಲಕ್ಷಣ. ಕಡಲಿನ ಆಚೀಚೆ ಬಾಳುವ ಹಕ್ಕಿಗಳು ಸಂಧಿಸುವುದೇ ಇಲ್ಲವಾದರೆ ಪರೀಕ್ಷೆ ಹೇಗೆ? ಬರ್ಡ್‌ಲೈಫಿನವರು ಬಣ್ಣ, ದನಿ, ಗಾತ್ರ ಮೊದಲಾದವುಗಳ ಭೇದಕ್ಕೆ ಅಂಕಗಳನ್ನಿಟ್ಟು, ಒಟ್ಟು 7 ಬಂದರೆ ಬೇರೆ ಜಾತಿಯೆಂದು ತೀರ್ಮಾನಿಸಿದರು. ಅಳತೆಗೋಲು ಬೇರೆಯಾದಲ್ಲಿ ಎಣಿಕೆಯೂ ಬೇರೆಯಾಗುವುದು ಸಹಜವಷ್ಟೆ.

ಇದು ಪಂಡಿತರ ಒಣವಾದವೆಂದು ಕೈಬಿಡತಕ್ಕದ್ದಲ್ಲ. ಅಳಿವಿನ ಭಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯು ಪಕ್ಷಿಗಳ ಮಟ್ಟಿಗೆ ಬರ್ಡ್‌ಲೈಫಿನ ಎಣಿಕೆಯನ್ನೇ ಅನುಸರಿಸುತ್ತ ಬಂದಿದೆ. ಕೊಡಗಿನ ಬ್ರಹ್ಮಗಿರಿ, ವಯನಾಡಿನ ಬಾಣಾಸುರ ಬೆಟ್ಟಗಳ ನೆತ್ತಿಯಲ್ಲಿ ಬಾಳುವ ನಗೆಮಲ್ಲ ಹಕ್ಕಿಯನ್ನು ನೀಲಗಿರಿಯ ಹಕ್ಕಿಯ ಉಪಜಾತಿಯೆಂದು ಬಗೆದಿದ್ದ ಕಾಲದಲ್ಲಿ ಅದರ ಸಂಕಟವು ಪ್ರತ್ಯೇಕವಾಗಿ ಲೆಕ್ಕಕ್ಕೆ ಬರಲಿಲ್ಲ. ಬೇರೆ ಜಾತಿಯೆನಿಸಿದ ಮೇಲೆಯೇ ಬಂದಿತು.

2025ರ ಜೂನ್ ತಿಂಗಳಲ್ಲಿ ಈ ಪಂಗಡಗಳೆಲ್ಲ ಕೂಡಿ ‘ಏವಿಲಿಸ್ಟ್’ ಎಂಬ ಏಕಪಟ್ಟಿಯನ್ನು ಪ್ರಕಟಿಸಿದವು. ಅದರಲ್ಲಿ 11,131 ಜಾತಿಗಳಿವೆ. ಗೋವಕ್ಕಿಯು ಎರಡಾಗಿಯೇ ನಿಂತಿದೆ. ಈ ಐಕಮತ್ಯವನ್ನು ನಾವು ಹರ್ಷದಿಂದ ಸ್ವಾಗತಿಸುತ್ತೇವೆ. ಆದರೂ ಇದು ಕಡೆಯ ಮಾತಲ್ಲ. ಹೊಸ ಸಾಕ್ಷ್ಯ ಬಂದಂತೆ ಪಟ್ಟಿಯು ಪರಿಷ್ಕಾರವಾಗುತ್ತಲೇ ಇರುವುದು.

ಆ ಸಾಕ್ಷ್ಯವನ್ನು ಒದಗಿಸುವವರು ಯಾರು? ಪಟ್ಟಿಗಳು ಪರದೇಶದಲ್ಲಿ ಅಚ್ಚಾದರೂ ಹಕ್ಕಿಗಳು ನಮ್ಮವು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ಇತರರೊಡಗೂಡಿ 2017ರಲ್ಲಿ ಪಶ್ಚಿಮಘಟ್ಟಗಳ ಶೋಲಾ ಕಾಡಿನ ಹಕ್ಕಿಗಳಿಗೆ ‘ಶೋಲಿಕೋಲ’, ‘ಮಾಂಟೆಸಿಂಕ್ಲ’ ಎಂಬ ಎರಡು ಹೊಸ ಕುಲಗಳನ್ನು ಸ್ಥಾಪಿಸಿದರು. ಲೋಕದ ಪಟ್ಟಿಗಳು ಅವನ್ನು ಅಂಗೀಕರಿಸಿದವು. ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಸಲೀಂ ಅಲಿಯವರು 1939-40ರಲ್ಲಿ ನಡೆಸಿದ ಸಮೀಕ್ಷೆಯ ಹೆಸರುಗಳಲ್ಲಿ ಅನೇಕವು ಇಂದು ಬದಲಾಗಿವೆ. ಆದರೂ ಅದರ ಬೆಲೆ ಕುಂದಿಲ್ಲ. ಎಲ್ಲಿ, ಯಾವಾಗ ಕಂಡದ್ದೆಂಬುದು ಅಲ್ಲಿ ನಮೂದಾಗಿದೆ.

ಆದುದರಿಂದ ಜಯನಗರ, ಬನಶಂಕರಿಗಳ ತರುಣರಲ್ಲಿ ನಮ್ಮ ವಿನಂತಿ ಇಷ್ಟೆ: ಹಕ್ಕಿಯ ಹೆಸರಿನೊಡನೆ ದಿನವನ್ನೂ ಸ್ಥಳವನ್ನೂ, ಬಣ್ಣವನ್ನೂ ದನಿಯನ್ನೂ, ಅನುಸರಿಸಿದ ಪಟ್ಟಿಯನ್ನೂ ಅದರ ವರ್ಷವನ್ನೂ ಬರೆದಿಡಿರಿ, ಕನ್ನಡದ ಹೆಸರನ್ನು ಮರೆಯದೆ ಬರೆಯಿರಿ. ಹೆಸರನ್ನು ನಾಳಿನ ಪಂಡಿತರು ತಿದ್ದಬಲ್ಲರು. ಬರೆಯದೆ ಬಿಟ್ಟ ದಿನವನ್ನು ಯಾರೂ ತುಂಬಲಾರರು. ಕೆರೆಯೇ ಬತ್ತಿಹೋದ ಮೇಲೆ ಅಲ್ಲಿ ಗೋವಕ್ಕಿಗಳು ಒಂದೇ ಎರಡೇ ಎಂದು ವಾದಿಸಿ ಫಲವಿಲ್ಲ.